ಬಣವೆಯ ಬುಡದ ಇದ್ದಿಲು

ಇದ್ದಿಲ ವಾಸನೆ ಬಂದರೆ ನನಗೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ. ಈ ಆಗಸ್ಟಿನಲ್ಲಿ ಕಂಪ್ಲಿಯ ಶಾಲೆಯೊಂದರ ಗೇಟಿನೆದುರು ಇಸ್ತ್ರಿಯವನು ಪೆಟ್ಟಿಗೆಗೆ ಕೆಂಡ ತುಂಬಿ ಊದುತ್ತಿದ್ದ. ನಿವೃತ್ತ ಸೈನಿಕರಿಗೆ ಮಕ್ಕಳು ಶಾಲು ಹೊದಿಸುವ ಕಾರ್ಯಕ್ರಮ ಅಂದು. ನನ್ನ ಅಣ್ಣ ಬಸಣ್ಣ ಹದಿನೆಂಟು ವರ್ಷ ಮಿಲಿಟರಿಯಲ್ಲಿದ್ದವನು. ಅವನು ತೀರಿಕೊಂಡು ವರ್ಷವಾಗಿತ್ತಾದ್ದರಿಂದ ಅವನ ಬದಲು ನನ್ನನ್ನು ಕರೆದಿದ್ದರು. ಆ ವಾಸನೆಗೆ ನಾನು ಗೇಟಿನಿಂದ ಎರಡು ಸಲ ಹಿಂದಕ್ಕೆ ಹೋಗಿ ಮತ್ತೆ ಬಂದೆ. ನಾನು ಓದಿದ್ದು ಐದನೇ ಇಯತ್ತೆಯವರೆಗೆ, ಬರೆದು ರೂಢಿಯಿಲ್ಲ. ಆದರೂ ಇದನ್ನು ಬರೆದು ಮುಗಿಸದೆ ನನಗೆ ಬೇರೆ ಕೆಲಸ ಹಿಡಿಸುತ್ತಿಲ್ಲ.

ನಮ್ಮೂರು ಮೆಟ್ರಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಅಡುಗೆಮನೆಯ ಬೆಳಕಿಂಡಿಯಿಂದ ಬಿಸಿಲು ಕೋಲಿನಂತೆ ಇಳಿದು ಒಲೆಯ ಹೊಗೆಯಲ್ಲಿ ನಿಂತಿರುತ್ತಿತ್ತು. ಅದರ ಪಕ್ಕದಲ್ಲಿ ಅವ್ವ ರೊಟ್ಟಿ ಬಡಿಯುವ ಸಪ್ಪಳ ಬೀದಿಯ ತುದಿಯವರೆಗೂ ಕೇಳುತ್ತಿತ್ತು. ಆ ಮನೆ ಈಗಿಲ್ಲ, ಮಾಳಿಗೆ ಕುಸಿದ ಜಾಗದಲ್ಲಿ ಯಾರದೋ ಟ್ರ್ಯಾಕ್ಟರ್ ನಿಲ್ಲುತ್ತದೆ. ಅವ್ವನಿಗೆ ಒಂದು ಪದ್ಧತಿಯಿತ್ತು. ಹೊಲಕ್ಕೆ ಬುತ್ತಿ ಕಟ್ಟಿದರೆ ರೊಟ್ಟಿಯ ಮೇಲೆ ಒಂದು ಚೂರು ಇದ್ದಿಲು, ಒಂದು ಒಣಮೆಣಸಿನಕಾಯಿ ಇಡದೆ ಗಂಟು ಹಾಕುತ್ತಿರಲಿಲ್ಲ. ದಾರಿಯಲ್ಲಿ ಅನ್ನಕ್ಕೆ ಯಾರ ಕಣ್ಣೂ ತಾಕಬಾರದು, ಗಾಳಿ ಸೋಕಬಾರದು ಎಂದು. ಆ ಬುತ್ತಿಯನ್ನು ಅಪ್ಪನಿಗೆ ಮುಟ್ಟಿಸುವುದು ನನ್ನ ಕೆಲಸ.

ಅಣ್ಣ ಮಿಲಿಟರಿ ಸೇರಿದ ವರ್ಷ ನಾನು ಮೂರನೇ ಇಯತ್ತೆಯಲ್ಲಿದ್ದೆ. ಆ ಆಗಸ್ಟ್ ಹದಿನೈದಕ್ಕೆ ನಮ್ಮ ಮಾಸ್ತರು ಸಾಲಿನ ಹಿಂದಿದ್ದ ನನ್ನನ್ನು ಕರೆದು ಬಾವುಟದ ಕಂಬದ ಪಕ್ಕ ನಿಲ್ಲಿಸಿ, "ಈಕಿ ಸೈನಿಕನ ತಂಗಿ" ಎಂದು ಹೇಳಿ ಹಗ್ಗದ ತುದಿಯನ್ನು ಕೈಗೆ ಕೊಟ್ಟರು. ಅದುವರೆಗೆ ಆ ಹಗ್ಗ ಹಿಡಿಯುತ್ತಿದ್ದವಳು ಅಕ್ಕಿ ಗಿರಣಿಯವರ ಮಗಳು. ಹರಿದ ಲಂಗಕ್ಕೆ ಅವ್ವ ಹಾಕಿದ ತೇಪೆಯನ್ನು ಒಂದು ಕೈಯಲ್ಲಿ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ನಾನು ಆ ಹಗ್ಗ ಹಿಡಿದುಕೊಂಡೆ. ಇಡೀ ಊರು ನನ್ನನ್ನು ನೋಡಿತು.

ಮರುವರ್ಷ ಆಗಸ್ಟಿನ ಮೊದಲಿಗೆ ಅಣ್ಣ ರಜೆಯ ಮೇಲೆ ಬಂದ. ಕಾಲುವೆಗೆ ನೀರು ಬಿಟ್ಟಿದ್ದರು, ನಾಟಿ ನಡೆದಿತ್ತು. ರಜೆ ಮುಗಿದ ದಿನ ಅವನು ಎಲ್ಲರಿಗೂ ಕೈ ಮುಗಿದು ಹೊಸಪೇಟೆಯ ಬಸ್ಸು ಹತ್ತಿದ. ಮರುದಿನ ನಾನು ಬುತ್ತಿ ಹೊತ್ತು ಕಣದ ದಾರಿಯಲ್ಲಿ ಬರುವಾಗ ಹುಲ್ಲಿನ ಬಣವೆಯೊಳಗಿಂದ ಯಾರೋ ನನ್ನ ಹೆಸರು ಹಿಡಿದು ಕರೆದರು. ನೋಡಿದರೆ ಅಣ್ಣ. ಬಸ್ಸಿನಿಂದ ಕಾಲುವೆ ಸೇತುವೆಯ ಹತ್ತಿರ ಇಳಿದು, ಗದ್ದೆ ಬಳಸಿ ಬಂದು, ಬಣವೆಯಲ್ಲಿ ಗೂಡು ಮಾಡಿಕೊಂಡು ಕೂತಿದ್ದ. ತಲೆತುಂಬ ಹುಲ್ಲು.

"ನಾ ಹೊಳ್ಳಿ ಹೋಗಂಗಿಲ್ಲಲೇ ಗಂಗೀ," ಎಂದ. "ಅಲ್ಲಿ ಸೀಟಿ ಊದಿದ್ರ ಏಳಬೇಕು, ಸೀಟಿ ಊದಿದ್ರ ಉಣ್ಣಬೇಕು. ನನ್ನ ಪಾಡಿಗೆ ನಾ ಇಲ್ಲೇ ಗದ್ದಿಗೆ ನೀರು ಕಟ್ಟಿಕೊಂಡು ಇರ್ತೀನಿ. ನಾಕ ದಿನ ಯಾರಿಗೂ ಹೇಳಬ್ಯಾಡ. ಧೈರ್ಯ ಬಂದ ಮ್ಯಾಲ ಅಪ್ಪಗ ನಾನಾ ಹೇಳ್ತೀನಿ."

ಎರಡು ದಿನ ಅಪ್ಪನ ಬುತ್ತಿಯಿಂದ ಎರಡೆರಡು ರೊಟ್ಟಿ ತೆಗೆದು, ಬೇರೆ ಅರಿವೆಯಲ್ಲಿ ಕಟ್ಟಿ ಅವನಿಗೆ ಕೊಟ್ಟೆ. ಅವ್ವನ ಹಾಗೆಯೇ ಮೇಲೆ ಒಂದು ಚೂರು ಇದ್ದಿಲು ಇಡುವುದನ್ನು ಮರೆಯಲಿಲ್ಲ. ಅವನು ರೊಟ್ಟಿ ತಿಂದು ಇದ್ದಿಲನ್ನು ಬಣವೆಯ ಬುಡಕ್ಕೆ ಒಗೆಯುತ್ತಿದ್ದ. ಮೂರನೆಯ ದಿನ ಶಾಲೆಯಲ್ಲಿ ಬಾವುಟ ಏರಿಸುವ ತಾಲೀಮು ಮಾಡಿಸಿದರು. ಹಗ್ಗ ನನ್ನ ಕೈಗೇ ಬಂತು. ಗಿರಣಿಯವರ ಮಗಳು ಕೆಳತುಟಿ ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ಅಣ್ಣ ಓಡಿಬಂದ ಸುದ್ದಿ ಊರಿಗೆ ತಿಳಿದರೆ ಈ ಹಗ್ಗ ಹೋಯಿತು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಮಧ್ಯಾಹ್ನ ಬುತ್ತಿ ಹೊತ್ತು ಬಣವೆಯನ್ನು ದಾಟಿ ನೆಟ್ಟಗೆ ಗದ್ದೆಗೆ ಹೋದೆ. ಅಪ್ಪ ಬದುವಿನ ಮೇಲೆ ಕೂತು, ಬುತ್ತಿ ಬಿಚ್ಚಿ ರೊಟ್ಟಿ ಮುರಿದ.

"ಅಪ್ಪಾ, ಅಣ್ಣ ಬಣವ್ಯಾಗ ಅದಾನ."

ಅಪ್ಪ ರೊಟ್ಟಿಯನ್ನು ಕೆಳಗಿಟ್ಟು ಕಾಲುವೆಯಲ್ಲಿ ಕೈ ತೊಳೆದ. ಬಹಳ ಹೊತ್ತು ತೊಳೆದ. "ನೀ ಹೇಳಿದಿ ಅಂತ ಅವಗ ಗೊತ್ತಾಗೋದು ಬ್ಯಾಡ" ಎಂದಷ್ಟೇ ಹೇಳಿ ಎದ್ದು ಕಣದ ಕಡೆ ನಡೆದ, ನಾನು ಹಿಂದೆ ಹೋದೆ. ಬಣವೆಯ ಬುಡದಲ್ಲಿ ಬಗ್ಗಿ ಇದ್ದಿಲ ಚೂರೊಂದನ್ನು ಎತ್ತಿಕೊಂಡು, "ಹೊರಗ ಬಾ ಬಸ್ಯಾ. ನಮ್ಮ ಮನಿ ಇದ್ದಿಲು ಕಾಣ್ತು" ಎಂದ. ಅಣ್ಣ ಬಂದ. ಅಪ್ಪನ ಕೈಯಲ್ಲಿದ್ದ ಕರಿ ಚೂರನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ನಕ್ಕುಬಿಟ್ಟ. "ಹುಚ್ಚಿ, ಕದ್ದು ಕೊಡೋ ಬುತ್ತಿಗೂ ಇದ್ದಿಲು ಇಡತಾರೇನ?" ಎಂದು ತಲೆ ಸವರಿದ. ಅದೇ ದಿನ ಅಪ್ಪ ಅವನನ್ನು ಹೊಸಪೇಟೆಗೆ ಕರೆದುಕೊಂಡು ಹೋಗಿ ರೈಲು ಹತ್ತಿಸಿ ಬಂದ. ಹದಿನೈದಕ್ಕೆ ನಾನು ಹಗ್ಗ ಹಿಡಿದೆ. ಪೆಪ್ಪರಮೆಂಟು ಕೊಟ್ಟರು, ತಿಂದೆ.

ಹಿಮದಲ್ಲಿ ಎಡಗಾಲಿನ ಎರಡು ಬೆರಳು ಕಳೆದುಕೊಂಡು, ಹದಿನೆಂಟು ವರ್ಷ ಮುಗಿಸಿ ಅಣ್ಣ ಊರಿಗೆ ಬಂದ. ಕುಂಟುತ್ತಲೇ ಗದ್ದೆಗೆ ನೀರು ಕಟ್ಟಿದ. ನನ್ನ ಗಂಡನ ಮನೆಗೆ ಬಂದಾಗ ಕುಕ್ಕರ್ ಸೀಟಿ ಹೊಡೆದರೆ ಎದ್ದು ನಿಂತು, "ಉಣ್ಣಾಕ ಕರದ್ರು, ನಡೀರಿ" ಎಂದು ಮಕ್ಕಳನ್ನು ನಗಿಸುತ್ತಿದ್ದ. ಇದ್ದಿಲ ಕಥೆಯನ್ನಂತೂ ಎಷ್ಟು ಮಂದಿಗೆ ಹೇಳಿದನೋ. ಅವನು ಹೇಳುತ್ತಿದ್ದ, ನಾನು ನಗುತ್ತಿದ್ದೆ. ನಿಜ ಹೇಳಬೇಕೆಂದು ಎಷ್ಟೋ ಸಲ ಮೆಟ್ರಿಗೆ ಹೋಗಿ, ಚಹಾ ಕುಡಿದು ಬಂದಿದ್ದೇನೆ. ಒಮ್ಮೆ ಬದುವಿನ ಮೇಲೆ ಇಬ್ಬರೇ ಇದ್ದಾಗ ಅವನೇ ಹೇಳಿದ: "ನೀ ಬಾಯಿಬಿಟ್ಟು ಹೇಳಿದ್ರ ಭಾಳ ನೋವಾಗ್ತಿತ್ತು ನೋಡವಾ. ನಮ್ಮವ್ರು ಅನ್ನೋರು ಯಾರೂ ಇಲ್ಲ ಅನಸ್ತಿತ್ತು. ಇದ್ದಿಲು ಹೇಳ್ತು, ಅದಕ್ಕ ಅಲ್ಲಿ ದಿನ ದೂಡಿದೆ." ಆ ಮಾತು ಕೇಳಿದ ಮೇಲೆ ನಾನು ಹೇಳುವುದು ಹೇಗೆ? ಹೇಳದೆ ಇರುವುದಾದರೂ ಹೇಗೆ? ಅವನು ಹೋಗುವವರೆಗೂ ಹೀಗೇ ಒದ್ದಾಡಿದೆ.

ಶಾಲೆಯಲ್ಲಿ ಶಾಲು ಹೊದಿಸಿ ಮೈಕು ಕೊಟ್ಟಾಗ ನನ್ನ ಬಾಯಿಗೆ ಬಂದದ್ದೂ ಅದೇ ಇದ್ದಿಲ ಕಥೆ. ಮಕ್ಕಳು ನಕ್ಕು ಚಪ್ಪಾಳೆ ಹೊಡೆದರು. ಎದುರಿಗೆ ಬಾವುಟದ ಕಂಬ, ಹಗ್ಗ. ಕಾರ್ಯಕ್ರಮ ಮುಗಿದ ಮೇಲೆ ಏಳನೇ ತರಗತಿಯ ಒಬ್ಬ ಹುಡುಗಿ ವಹಿ ಹಿಡಿದು ಪಕ್ಕದಲ್ಲಿ ಬಂದು ಕೂತಳು. ಶಾಲೆಯ ಗೋಡೆ ಪತ್ರಿಕೆಗೆ ಬರೆಯುತ್ತಾಳಂತೆ.

"ಅಜ್ಜಿ, ಸ್ವಾತಂತ್ರ್ಯ ಅಂದ್ರ ನಿಮ್ಮಣ್ಣಾರು ಏನಂತಿದ್ರು?"

"ತನ್ನ ಪಾಡಿಗೆ ತಾನು ಗದ್ದಿಗೆ ನೀರು ಕಟ್ಟೋದು ಅಂತಿದ್ದ."

ಅವಳು ಬರೆದುಕೊಂಡಳು. ಇದ್ದಿಲ ಕಥೆಯನ್ನೂ ಬರೆಯತೊಡಗಿದಳು. ನಾನು ಅವಳ ಕೈ ಹಿಡಿದೆ.

"ಅದನ್ನ ಬರೀಬ್ಯಾಡವಾ. ಇದ್ದಿಲು ಹೇಳಲಿಲ್ಲ. ನಾ ಹೇಳಿದೆ. ಬಾವುಟದ ಹಗ್ಗ ಹಿಡಿಯೋ ಆಸೆಗೆ ಹೇಳಿದೆ."

ಹುಡುಗಿ ನನ್ನ ಮುಖ ನೋಡಿದಳು. "ನೀವಾಗ ಸಣ್ಣವರಿದ್ರಲ್ಲ ಅಜ್ಜಿ" ಎಂದಾಳೆಂದು ಕಾದೆ. ಅವಳು ಹಾಗೆ ಅನ್ನಲಿಲ್ಲ. "ನಿಮ್ಮಣ್ಣಾರಿಗೆ ಇದನ್ನ ಹೇಳಿದ್ರೇನು?" ಎಂದು ಕೇಳಿದಳು.

ಮರುದಿನ ಬೆಳಿಗ್ಗೆಯೇ ಮೆಟ್ರಿಗೆ ಹೋದೆ. ಅಣ್ಣನನ್ನು ಮಣ್ಣು ಮಾಡಿದ್ದು ಹೊಲದ ಬದುವಿನಲ್ಲೇ. ಕಣವಿದ್ದಲ್ಲಿ ಈಗ ಬಣವೆಯಿಲ್ಲ, ಹುಲ್ಲನ್ನು ಯಂತ್ರ ಸುತ್ತಿಕೊಂಡು ಹೋಗುತ್ತದೆ. ಸಮಾಧಿಯ ಮೇಲೆ ಶಾಲು ಹಾಸಿ ಬುತ್ತಿ ಬಿಚ್ಚಿದೆ. ಎರಡು ರೊಟ್ಟಿ, ಮೇಲೆ ಇದ್ದಿಲು ಇಟ್ಟಿರಲಿಲ್ಲ. ಅಂದು ಅಪ್ಪನಿಗೆ ಹೇಳಿದ್ದು ನಾನೇ ಎಂದು ಅವನಿಗೆ ಹೇಳಿದೆ. ಪಕ್ಕದ ಗದ್ದೆಯಲ್ಲಿ ಯಾರೋ ಸಲಿಕೆಯಿಂದ ಒಡ್ಡು ಕಡಿದರು. ನೀರು ಒಂದು ಮಡಿಯಿಂದ ಇನ್ನೊಂದಕ್ಕೆ ಹರಿಯುವ ಸಪ್ಪಳ ಬಂತು. ಅದು ನಿಲ್ಲುವವರೆಗೆ ಅಲ್ಲೇ ಕೂತಿದ್ದೆ.