ಮೊಹಿನುದ್ದೀನರ ಹದಿನೆಂಟು ಕ್ಲಿಪ್ಪುಗಳು

ನಿರ್ಣಾದಿಂದ ಬಂದಿದ್ದ ಬೀಗರು ಬಸವಣಪ್ಪನವರು ಕಾರಿನ ಮುಂಗಾಜಿನ ಸುತ್ತಲಿನ ಹೊಳೆಯುವ ಪಟ್ಟಿಯಲ್ಲಿ ತಮ್ಮ ಮೀಸೆ ನೋಡಿಕೊಳ್ಳಲು ಬಗ್ಗಿದ್ದೇ ತಪ್ಪಾಯಿತು. ಟಣ್ ಎಂದು ಚಿಮ್ಮಿದ ಪಟ್ಟಿ ಅವರ ರುಮಾಲನ್ನು ಎತ್ತಿಕೊಂಡು ಹೋಗಿ ಪಕ್ಕದ ಮಿರ್ಚಿಭಜಿ ಗಾಡಿಯ ಹಿಟ್ಟಿನ ಪಾತೇಲಿಯಲ್ಲಿ ಇಳಿಸಿತು. ಮಾಣಿಕನಗರದ ಆಟೋದವರಿಗೆಲ್ಲ ಬಸವಣಪ್ಪನವರ ಬೋಳುತಲೆಯ ಪ್ರಥಮ ದರ್ಶನವಾಯಿತು.

"ಗ್ಯಾರಂಟಿ ಕೆಲಸ ಅಂದಿದ್ರಲ್ಲ, ಚಾಚಾ?" ಎಂದರು ಕಾರಿನ ಮಾಲೀಕ, ಬಸವಣಪ್ಪನವರ ಬೀಗ, ಬೇಳೆ ವ್ಯಾಪಾರಿ ಸೂರ್ಯಕಾಂತ.

"ಗ್ಯಾರಂಟಿ ಪಟ್ಟಿಗಿ ಕೊಟ್ಟಿದ್ದೆ ಸಾವ್ಕಾರ್ರ. ರುಮಾಲಿಗಿ ಕೊಟ್ಟಿದ್ದಿಲ್ಲ."

ಹೀಗೆಂದವರು ಹುಮನಾಬಾದಿನ ಮೊಹಿನುದ್ದೀನ್. ಮೂವತ್ತೈದು ವರ್ಷಗಳಿಂದ ಲಾರಿ, ಬಸ್ಸುಗಳಿಗೆ ಗಾಜು ಕೂರಿಸುವವರು. ತಾವು ಹಾಕಿದ ಗಾಜು ಒಂದೂ ವಾಪಸು ಬಂದಿಲ್ಲ ಎಂಬುದು ಅವರ ಹೆಮ್ಮೆ. ಚೂರಾದದ್ದು ವಾಪಸು ಹೇಗೆ ಬಂದೀತು ಎಂಬುದು ಹೊಟ್ಟೆಕಿಚ್ಚಿನವರ ವಾದ.

ಪಟ್ಟು ಹಿಡಿಯಬೇಕಾದ ಪಟ್ಟಿ ಪಟ್ಟು ಬಿಟ್ಟಿದ್ದಕ್ಕೆ ಕಾರಣವಿತ್ತು. ಅದನ್ನು ಅಡಿಯಿಂದ ಹಿಡಿದಿಡುವ ಹದಿನೆಂಟು ಪುಟ್ಟ ಕ್ಲಿಪ್ಪುಗಳು ಅರವತ್ತು ವರ್ಷದ ಆ ವಿಲಾಯತಿ ಕಾರಿನಲ್ಲಿ ತುಕ್ಕು ಹಿಡಿದು ಪುಡಿಯಾಗಿದ್ದವು. ಅಂಥವು ಈಗ ಎಲ್ಲೂ ಸಿಗುವುದಿಲ್ಲ. ಹೋದ ವಾರ ಹೊಸವನ್ನು ತಾವೇ ಮಾಡಲು ಮೊಹಿನುದ್ದೀನ್ ಕೂತಾಗ ಸೂರ್ಯಕಾಂತರ ತಾಯಿ ಯಶೋದಾಬಾಯಿ ಒಂದು ಸ್ಟೀಲ್ ತಾಟು ತಂದು ಮುಂದಿಟ್ಟರು. ಹೆಸರು ಕೊರೆಸದ ಪಾತ್ರೆಯನ್ನು ನಮ್ಮ ಕಡೆ ಯಾರೂ ಪಾತ್ರೆ ಎನ್ನುವುದಿಲ್ಲ. ಆ ತಾಟಿನ ಮೇಲೆ ಕಾರು ಕೊಂಡಿದ್ದ ಅವರ ಯಜಮಾನರ ಹೆಸರು ಚುಕ್ಕಿ ಚುಕ್ಕಿಯಾಗಿ ಕೂತಿತ್ತು.

"ಇದನ್ನ ಕತ್ತರಿಸಿ ಮಾಡೋ, ಮೊಹಿನಾ. ಅವರು ಹೋದ್ರೂ ಅವರ ಗಾಡ್ಯಾಗ ಅವರ ಹೆಸರು ಇರಲಿ."

ತಾಟಿನ ಸ್ಟೀಲಿಗೆ ಸ್ಪ್ರಿಂಗಿನ ಗುಣವಿಲ್ಲ ಎಂಬುದು ಮೊಹಿನುದ್ದೀನರಿಗೆ ಗೊತ್ತಿತ್ತು. ಎಂಬತ್ತು ದಾಟಿದವರಿಗೆ ಇಲ್ಲ ಎನ್ನುವ ಗುಣ ಅವರಿಗೂ ಇರಲಿಲ್ಲ. ಕತ್ತರಿಸಿದರು. ಮುಂದಿನದನ್ನು ರುಮಾಲು ಅನುಭವಿಸಿತು.

"ಐತವಾರ ಅವ್ವನ್ನ ಇದೇ ಗಾಡ್ಯಾಗ ಕಲ್ಯಾಣಕ್ಕ, ಅಕಿ ತವರಮನಿಗಿ ಕರ್ಕೊಂಡು ಹೋಗೂದದ," ಎಂದರು ಸೂರ್ಯಕಾಂತ. "ದಾರ್ಯಾಗ ಮತ್ತ ಪಟ್ಟಿ ಹಾರ್ತಂದ್ರ ಗಾಡಿ ಸೀದಾ ಹೈದರಾಬಾದಿನ ಗ್ಯಾರೇಜಿಗಿ. ನೀವು ಲಾರಿ ಗ್ಲಾಸ್ ಹಾಕ್ಕೋತ ಇರ್ರಿ."

ಹುಮನಾಬಾದಿನಲ್ಲಿ ಸುದ್ದಿ ಕಾರಿಗಿಂತ ಮುಂಚೆ ಓಡುತ್ತದೆ. ಮೂವತ್ತೈದು ವರ್ಷದ ಹೆಸರು ಈಗ ಒಂದು ಪಟ್ಟಿಗೆ ಜೋತುಬಿದ್ದಿತ್ತು. ಮೊಹಿನುದ್ದೀನ್ ಧೈರ್ಯ ಮಾಡಿ ಯಶೋದಾಬಾಯಿಯ ಮುಂದೆ ನಿಂತರು.

"ಆಯಿ, ತಪ್ಪು ತಿಳ್ಕೋಬ್ಯಾಡ್ರಿ. ಯಜಮಾನರ ತಾಟಿನಾಗ ಲಚಕ್ ಇಲ್ರಿ. ಬಗ್ಗಿಸಿದ್ರ ತಿರುಗಿ ನೆಟ್ಟಗಾಗೂದಿಲ್ಲ."

"ಅವರೊಳಗರ ಲಚಕ್ ಎಲ್ಲಿತ್ತೋ? ತೆಗದು ಒಗಿ."

ಮೂರು ದಿನ ಮೊಹಿನುದ್ದೀನ್ ಹಳೆಯ ವೈಪರುಗಳನ್ನು ಬಿಚ್ಚಿ, ಒಳಗಿನ ಸ್ಪ್ರಿಂಗ್ ಪಟ್ಟಿಗಳಿಂದ ಕ್ಲಿಪ್ಪು ಮಾಡಿದರು. ಒಂದೊಂದನ್ನೂ ಒತ್ತಿ, ಬಿಟ್ಟು, ಬೆಳಕಿಗೆ ಹಿಡಿದು ಪರೀಕ್ಷಿಸಿದರು. ಎದುರಿನ ಚಹಾದಂಗಡಿಯ ಅಜರ್ ಸುಮ್ಮನಿರಲಿಲ್ಲ.

"ಹೆಣ್ಣು ನೋಡ್ಲಿಕ್ಕಿ ಹೋದಾಗರ ಇಷ್ಟು ನೋಡಿದ್ರೇನ್ ಚಾಚಾ?"

"ನೋಡಿದ್ದಿಲ್ಲೋ. ಅದಕ್ಕೇ ಈಗ ನೋಡಾಕತ್ತೇನಿ."

ಐತವಾರ ಕಾರು ಹೊರಟಿತು. ಹಿಂದಿನ ಸೀಟಿನಲ್ಲಿ ಯಶೋದಾಬಾಯಿ ನಿದ್ದೆ ಹೋದರು. ಪಟ್ಟಿ ಕಾಯಲೆಂದು ಜೊತೆಗೆ ಬಂದು ಮುಂದೆ ಕೂತ ಮೊಹಿನುದ್ದೀನ್ ರಸ್ತೆಯನ್ನೇ ನೋಡಲಿಲ್ಲ. ಅವರ ಕಣ್ಣು ಪಟ್ಟಿಯ ಮೇಲೆ. ರಸ್ತೆ ಉಬ್ಬು ಬಂದಾಗಲೆಲ್ಲ "ಸಾವ್ಕಾರ್ರ, ಹಳೂ" ಎಂದರು. ಎದುರಿನಿಂದ ಲಾರಿಗಳು ಗಾಳಿ ಬೀಸಿಕೊಂಡು ಹೋದವು. ಪಟ್ಟಿ ಮಿಸುಕಲಿಲ್ಲ. ಬಸವಕಲ್ಯಾಣದ ಓಣಿ ಸೇರಿದಾಗ ಸೂರ್ಯಕಾಂತರ ಮುಖ ಪಟ್ಟಿಗಿಂತ ಹೆಚ್ಚು ಹೊಳೆಯುತ್ತಿತ್ತು.

"ಹದಿನೆಂಟಕ್ಕ ಹದಿನೆಂಟೂ ಚಾಚಾ ಕೈಲೇ ಮಾಡಿದ್ದು," ಎಂದು ಅವರು ನೆರೆದವರಿಗೆಲ್ಲ ಸಾರಿದರು. ಯಶೋದಾಬಾಯಿಯ ತಮ್ಮನ ಮಗ ಸತೀಶಕುಮಾರ ಪಾಲಿಟೆಕ್ನಿಕ್ ಮೇಷ್ಟರು. ಉಗುರಿನಿಂದ ಪಟ್ಟಿ ಎಬ್ಬಿಸಲು ನೋಡಿ ಸೋತು, ಭಕ್ತಿಯಿಂದ ಕೇಳಿದರು:

"ಚಾಚಾ, ಕ್ಲಿಪ್ಪು ಇಷ್ಟು ಬಿಗಿಯಾಗಿ ಹ್ಯಾಂಗ ಹಿಡದಾವ್ರಿ?"

ಮೊಹಿನುದ್ದೀನ್ ಹೆಗಲ ಮೇಲಿನ ಬಟ್ಟೆಯಿಂದ ಪಟ್ಟಿ ಒರೆಸಿದರು.

"ಕ್ಲಿಪ್ಪು ಹಿಡದಾವೋ ಇಲ್ಲೋ ಖುದಾಗೇ ಗೊತ್ರಿ. ನಾ ಕೆಳಗ ಎರಡು ಟ್ಯೂಬ್ ಗೋಂದು ಹಚ್ಚೀನಿ."