ಬುಟ್ಟಿ ಬಿಡುವ ವಿದ್ಯೆ

ನನ್ನ ದಿನಚರಿಯ ಹಿಂದಿನ ಪುಟಗಳಲ್ಲಿ ಬಿದ್ದವರ ಪಟ್ಟಿಯೊಂದಿದೆ. ತಾರೀಖು, ಬಿದ್ದವರ ಹೆಸರು, ಯಾವ ಬದಿಗೆ ಬಿದ್ದರು, ಗಾಯವಾಯಿತೋ ಇಲ್ಲವೋ ಎಂದು ನಾಲ್ಕು ಕಾಲಂ. ಬೇರೆಯವರು ಬೀಳುವುದನ್ನು ಇಷ್ಟು ಶ್ರದ್ಧೆಯಿಂದ ಬರೆದಿಡುವವಳು ಎಂಥವಳಿರಬೇಕು ಎಂದು ಗಾಬರಿಯಾಗಬೇಡಿ. ನಾನು ಅಂಕೋಲೆ ಕಡೆಯ ಒಂದು ಹೈಸ್ಕೂಲಿನ ದೈಹಿಕ ಶಿಕ್ಷಕಿ. ಹುಡುಗಿಯರಿಗೆ ಕಬಡ್ಡಿ ಕಲಿಸುತ್ತೇನೆ. ಆ ಆಟದಲ್ಲಿ ಬೀಳದೆ ಯಾರಿಗೂ ಗತಿಯಿಲ್ಲ. ಹಾಗಾಗಿ ಬೀಳುವುದನ್ನೂ ಕಲಿಸುತ್ತೇನೆ.

ಇದನ್ನು ಕೇಳಿ ನಮ್ಮ ಗಣಿತದ ಮಾಸ್ತರರು ಚಹದ ಲೋಟ ಕೆಳಗಿಟ್ಟು ನಕ್ಕಿದ್ದರು. "ಅದು ಹುಟ್ಟಿದಾಗಿಂದ ಎಲ್ಲರಿಗೂ ಬರ್ತದಲ್ರಾ, ಕಲಿಸೂಕೆ ಎಂತ ಅದೆ?" ಅವರ ಮಾತಿನಲ್ಲಿ ಹುರುಳಿದೆ. ನಡೆಯಲು ಕಲಿಯುವ ಮಗು ದಿನಕ್ಕೆ ಎಷ್ಟು ಸಲ ಬಿದ್ದರೂ ಮೈ ಸಡಿಲ ಬಿಟ್ಟು ತಟ್ಟನೆ ಕುಳಿತುಬಿಡುತ್ತದೆ. ದೊಡ್ಡವರಾಗುತ್ತ ನಾವು ಅದನ್ನು ಮರೆಯುತ್ತೇವೆ. ಬೀಳುವಾಗ ಮೈ ಬಿಗಿಯುತ್ತೇವೆ, ಬಿದ್ದ ಮೇಲೆ ಮೊಣಕಾಲಿಗಿಂತ ಮೊದಲು ಸುತ್ತಮುತ್ತ ಯಾರಿದ್ದಾರೆಂದು ನೋಡುತ್ತೇವೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ಜಂಬಗಾರರನ್ನು ಹಂಗಿಸಲು ಬಳಸುತ್ತಾರೆ. ನನಗೋ ಅದು ಬೀಳುವ ಪಾಠದ ಮೊದಲ ಸಾಲಿನಂತೆ ಕಾಣುತ್ತದೆ. ಮೀಸೆ ಮಣ್ಣಾಗಲಿಲ್ಲವೆಂದರೆ ಜಟ್ಟಿ ಮುಖ ಅಡಿಯಾಗಿ ಬೀಳಲಿಲ್ಲ, ಗದ್ದವನ್ನು ಎದೆಗೊತ್ತಿಕೊಂಡು ಬೆನ್ನಮೇಲೆ ಉರುಳಿದ. ಚೆನ್ನಾಗಿ ಕಲಿತವನು. ಪಾಪ, ಅವನ ಗುರುವಿನ ಹೆಸರು ಮಾತ್ರ ಗಾದೆಯಲ್ಲಿ ಉಳಿಯಲಿಲ್ಲ.

ನನ್ನ ಪಾಠವೂ ಅಷ್ಟೇ ಚಿಕ್ಕದು. ಗದ್ದ ಎದೆಗೆ, ಮೊಣಕಾಲು ಸಡಿಲ, ಕೈ ಒಳಗೆ. ಹುಡುಗಿಯರು ಇದನ್ನು ಮಗ್ಗಿಯಂತೆ ಒಪ್ಪಿಸಿ, ಆಮೇಲೆ ತಮಗೆ ತೋಚಿದಂತೆ ಬೀಳುತ್ತಿದ್ದರು. ಗಾಯವಾಗದಿರಲೆಂದು ನಾನು ಅವರನ್ನು ಕಡಲ ದಂಡೆಯ ಮರಳಿನಲ್ಲೇ ಆಡಿಸುತ್ತಿದ್ದೆ. ಅಕ್ಟೋಬರದಿಂದ ಡಿಸೆಂಬರದವರೆಗೆ ಇನ್ನೂರ ಹದಿನಾರು ಸಲ ಬಿದ್ದ ಲೆಕ್ಕ, ಗಾಯದ ಕಾಲಮ್ಮಿನಲ್ಲಿ ಉದ್ದಕ್ಕೂ ಸೊನ್ನೆ. ಆ ಸೊನ್ನೆಗಳನ್ನು ನೋಡಿ ನಾನು ಎಷ್ಟು ಬೀಗಿದ್ದೆನೆಂದರೆ, ಅವನ್ನು ಕೆಂಪು ಶಾಯಿಯಲ್ಲಿ ತಿದ್ದಿ ಬರೆದಿದ್ದೆ.

ಮರಳು ಬಹಳ ಮೆದು ಮನಸ್ಸಿನ ಪರೀಕ್ಷಕ. ತಪ್ಪಿಗೂ ಒಪ್ಪಿಗೂ ಒಂದೇ ಅಂಕ ಕೊಡುತ್ತದೆ. ಕೈ ಚಾಚಿ ಬಿದ್ದರೂ ಬದುಕಿಸುತ್ತದೆ. ಜನವರಿಯಲ್ಲಿ ಪಕ್ಕದೂರಿನ ಶಾಲೆಯವರೊಡನೆ ಕೆಂಪು ಕಲ್ಲುನೆಲದಲ್ಲಿ ಪಂದ್ಯವಾಯಿತು. ನಮ್ಮ ಮುಖ್ಯ ರೈಡರ್ ಸಂಜನಾ, ಆಗ ಎಂಟನೆಯ ಇಯತ್ತೆಯ ಹುಡುಗಿ, ಎದುರಾಳಿಗಳು ಕಾಲು ಹಿಡಿದೆಳೆದಾಗ ಮಧ್ಯದ ಗೆರೆ ಮುಟ್ಟಲೆಂದು ಬಲಗೈ ಚಾಚಿಕೊಂಡೇ ಬಿದ್ದಳು. ಗೆರೆ ಮುಟ್ಟಿದಳು. ಮಣಿಕಟ್ಟು ಮುರಿಯಿತು. ಮರಳಿನಲ್ಲೂ ಅವಳು ಹಾಗೆಯೇ ಬೀಳುತ್ತಿದ್ದಳೇನೋ ಎಂದು ಮನೆಗೆ ಹೋಗಿ ಪಟ್ಟಿಯಲ್ಲಿ ಹುಡುಕಿದೆ: ನಾನು ಯಾವ ಬದಿ ಎಂದು ಬರೆದಿದ್ದೆನೇ ಹೊರತು ಕೈ ಎಲ್ಲಿತ್ತೆಂದು ಒಂದು ಸಲವೂ ಬರೆದಿರಲಿಲ್ಲ.

ಜೂನಿನಿಂದ ಪಾಠವನ್ನು ಗಟ್ಟಿನೆಲಕ್ಕೆ ತಂದೆ. ಕೆಳಗೊಂದು ಜಮಖಾನ, ಮೊದಲು ಕುಳಿತಲ್ಲಿಂದ, ಆಮೇಲೆ ಮಂಡಿಯೂರಿ, ಕೊನೆಗೆ ನಿಂತಲ್ಲಿಂದ ಬೀಳುವುದು. ಹುಡುಗಿಯರು ಕೆಣಕಿದರು: "ಟೀಚರ್, ನೀವೊಂದ್ಸಲ ಬಿದ್ದು ತೋರ್ಸಿ ಕಾಂಬೊ."

"ನಾನು ಬಿದ್ದರೆ ಬರೆಯುವವರು ಯಾರು?" ಎಂದು ಪೆನ್ನು ತೋರಿಸಿ ತಪ್ಪಿಸಿಕೊಂಡೆ. ನಿಜ ಹೇಳಬೇಕೆಂದರೆ, ಹತ್ತನೆಯ ವಯಸ್ಸಿನ ನಂತರ ನಾನು ಬಿದ್ದ ದಾಖಲೆಯೇ ಇಲ್ಲ.

ಸಂಜನಾಳ ಕೈ ಕೂಡಿತು. ಆಡಬಹುದೆಂದು ಡಾಕ್ಟರರೂ ಹೇಳಿದರು. ಅವಳು ದಿನಾ ಬಂದು ಗೆರೆಯ ಹೊರಗೆ ನಿಂತು ಚಪ್ಪಲಿಯ ತುದಿಯಿಂದ ಮಣ್ಣು ಕೆರೆಯುತ್ತಿದ್ದಳು. ತಾಲೂಕು ಪಂದ್ಯಕ್ಕೆ ಎರಡು ವಾರವಿತ್ತು, ಅವಳ ತಾಯಿ ಶೇವಂತಕ್ಕ ಒಪ್ಪಿಗೆಯ ಫಾರ್ಮಿಗೆ ಸಹಿ ಹಾಕಿರಲಿಲ್ಲ. ಮುಂದಿನ ವರ್ಷ ಹತ್ತನೆಯದು, ಪರೀಕ್ಷೆಯ ವರ್ಷ. ಈ ಸಲ ತಪ್ಪಿದರೆ ಅವಳ ಕಬಡ್ಡಿ ಅಲ್ಲಿಗೇ ಮುಗಿದಂತೆ. ಆಗಸ್ಟ್ ಹನ್ನೊಂದರಂದು ಬೆಳಿಗ್ಗೆ ಫಾರ್ಮನ್ನು ದಿನಚರಿಯಲ್ಲಿಟ್ಟುಕೊಂಡು ಮೀನು ಇಳಿಸುವ ಧಕ್ಕೆಗೇ ಹೋದೆ.

ಶೇವಂತಕ್ಕ ತಲೆಯ ಮೇಲಿನ ಬಂಗಡೆ ಬುಟ್ಟಿ ಇಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡರು. ನಾನು ಪುಸ್ತಕ ತೆರೆದು ಜೂನಿನಿಂದೀಚಿನ ಲೆಕ್ಕ ಓದತೊಡಗಿದೆ. ಅರ್ಧಕ್ಕೇ ತಡೆದರು.

"ಪುಸ್ತಕ ಸಾಕು ಅಕ್ಕೋರೇ. ನಿಮಗೆ ಬೀಳೂಕೆ ಬರ್ತದಾ?"

ನಾನು ಪುಸ್ತಕ ಮುಚ್ಚಿದೆ. ಅವರು ಎಡ ಮೊಣಕೈ ತೋರಿಸಿದರು. ಅದು ಸೊಟ್ಟಗೆ ಕೂಡಿಕೊಂಡಿತ್ತು.

"ಈ ಧಕ್ಕೆಲಿ ಎರಡು ಸಲ ಬುಟ್ಟಿ ಹಿಡ್ಕಂಡೇ ಬಿದ್ದೆ, ಮೀನು ಹೋಗ್ತದೆ ಹೇಳಿ. ಮೀನು ಉಳೀತು, ಕೈ ಹೀಂಗಾಯ್ತು. ಮೂರನೇ ಸಲ ಬುಟ್ಟಿ ಬಿಟ್ಟೆ. ಬಂಗ್ಡೆ ಎಲ್ಲಾ ನೀರಿಗೆ ಹೋಯ್ತು, ನಾ ಎದ್ದು ಮನೆಗೆ ಹೋದೆ. ನನ್ನ ಮಗಳಿಗೆ ಆ ಗೆರೆನೇ ಬುಟ್ಟಿ. ಗದ್ದ, ಮೊಣಕಾಲು ಎಲ್ಲಾ ಆಮೇಲೆ. ಮೊದ್ಲು ಬುಟ್ಟಿ ಬಿಡೂದು ಕಲಿಸಿ."

ಇಂಥ ಮಾತು ಕಿವಿಗೆ ಬಿದ್ದರೆ ನನ್ನಂಥವಳು ಮಾಡುವುದು ಒಂದೇ ಕೆಲಸ. ಬರೆದುಕೊಳ್ಳಲೆಂದು ಪೆನ್ನಿನ ಮುಚ್ಚಳ ತೆಗೆಯುತ್ತ ಒಂದು ಹೆಜ್ಜೆ ಹಿಂದಿಟ್ಟೆ. ಅಲ್ಲಿ ಮೀನಿನ ಹುರುಪೆಯೂ ಕರಗಿದ ಮಂಜುಗಡ್ಡೆಯೂ ಕೂಡಿ ಕಾದಿದ್ದವು. ಎರಡೂ ಕಾಲು ಒಟ್ಟಿಗೇ ಹೋದವು.

ಆ ಕ್ಷಣದಲ್ಲಿ ನನ್ನ ಕೈಯಲ್ಲಿದ್ದದ್ದು ಹತ್ತು ತಿಂಗಳ ಲೆಕ್ಕ. ಬೆರಳುಗಳು ಹೇಗೆ ಸಡಿಲಿದವೋ ತಿಳಿಯದು. ಪುಸ್ತಕ ಒಂದು ಕಡೆ ಹಾರಿತು. ನಾನು ಗದ್ದ ಒತ್ತಿಕೊಂಡು, ಕೈ ಮಡಿಸಿ, ತೊಡೆಯ ಮೇಲೆ ಬಿದ್ದು ಭುಜದ ಮೇಲೆ ಉರುಳಿದೆ. "ಅಕ್ಕೋರು ಬಿದ್ರೋ!" ಎಂದು ಯಾರೋ ಕೂಗಿದರು. ಇಡೀ ಧಕ್ಕೆ ನಕ್ಕಿತು. ಎಷ್ಟು ಜನ ನಕ್ಕರೆಂದು ನಾನು ಎಣಿಸಲಿಲ್ಲ.

ಶೇವಂತಕ್ಕ ಮಾತ್ರ ನಗಲಿಲ್ಲ. ನನ್ನ ಮಣಿಕಟ್ಟುಗಳನ್ನು ಮೀನಿನ ತಾಜಾತನ ನೋಡುವ ಹಾಗೆ ಒತ್ತಿ ನೋಡಿ, "ಚೊಲೋ ಬಿದ್ರಿ. ಎಲ್ಲಿ ಸಹಿ ಮಾಡ್ಬೇಕು?" ಎಂದರು.

ಫಾರ್ಮು ಪುಸ್ತಕದೊಳಗೇ ಇತ್ತು. ಪುಸ್ತಕ ಮೀನು ತೊಳೆದ ನೀರಿನ ತೊಟ್ಟಿಯಲ್ಲಿತ್ತು. ಆಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೊಸ ಫಾರ್ಮಿಗೆ ಸಂಜೆಯೇ ಸಹಿ ಬಿತ್ತು. ದಿನಚರಿಯನ್ನು ಅವರು ಒಲೆಯ ಮೇಲ್ಗಡೆ ಒಣಮೀನಿನ ಸಾಲಿನಲ್ಲಿ ನೇತುಹಾಕಿ ಒಣಗಿಸಿ, ನಾಲ್ಕು ದಿನ ಬಿಟ್ಟು ಮಗಳ ಕೈಯಲ್ಲಿ ಕಳಿಸಿದರು. ಕೆಂಪು ಸೊನ್ನೆಗಳೆಲ್ಲ ಕರಗಿ ಹೋಗಿದ್ದವು, ನನಗೇನೂ ಅನ್ನಿಸಲಿಲ್ಲ. ಪಟ್ಟಿಯ ಕೊನೆಯಲ್ಲಿ ಸಂಜನಾ, ಮುರಿದು ಕೂಡಿದ ಅದೇ ಬಲಗೈಯಿಂದ, ಐದನೆಯ ಕಾಲಂ ಎಳೆದು ಒಂದು ಸಾಲು ಬರೆದಿದ್ದಳು. ಬಿದ್ದವರು: ಟೀಚರ್. ಬದಿ: ಬಲ. ಗಾಯ: ಇಲ್ಲ. ಬಿಟ್ಟದ್ದು: ಒಂದು ಪುಸ್ತಕ.

ತಾಲೂಕು ಪಂದ್ಯದ ಕೊನೆಯ ನಿಮಿಷದಲ್ಲಿ ಸಂಜನಾಳ ಕಾಲು ಮತ್ತೆ ಎದುರಾಳಿಗಳ ಕೈಗೆ ಸಿಕ್ಕಿತು. ಗೆರೆ ಒಂದು ಮೊಳ ದೂರದಲ್ಲಿತ್ತು. ಕೈ ಚಾಚಿದ್ದರೆ ಸಿಗುತ್ತಿತ್ತು. ಅವಳು ಕೈಯನ್ನು ಎದೆಗೆ ಮಡಿಸಿ, ಉರುಳಿ, ಮಣ್ಣು ಕೊಡವಿ ಎದ್ದಳು. ನಾವು ಒಂದೇ ಪಾಯಿಂಟಿನಿಂದ ಸೋತೆವು. ಗೆದ್ದವರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವರು ಶೇವಂತಕ್ಕ. ಪಕ್ಕದಲ್ಲಿದ್ದವರು, ಈ ಹೆಂಗಸು ಯಾವ ಊರಿನ ಕಡೆಯವಳಪ್ಪ ಎಂದು ತಿರುಗಿ ನೋಡಿದರು.

ಅಂದು ಅವಳ ಸಾಲಿನ ಐದನೆಯ ಕಾಲಮ್ಮಿನಲ್ಲಿ ನಾನೇ ಬರೆದೆ: ಒಂದು ಪಾಯಿಂಟ್. ಗಾಯದ ಕಾಲಮ್ಮಿನಲ್ಲಿ ಸೊನ್ನೆ. ಈ ಸಲ ಕೆಂಪು ಶಾಯಿಯ ಅಗತ್ಯ ಕಾಣಲಿಲ್ಲ. ಆ ಪುಟವನ್ನು ತೆರೆದರೆ ಈಗಲೂ ಒಣ ಬಂಗಡೆಯ ವಾಸನೆ ಬರುತ್ತದೆ, ಮನೆಯ ಬೆಕ್ಕು ಓಡಿಬಂದು ಪಕ್ಕದಲ್ಲಿ ಕೂರುತ್ತದೆ. ಅದು ಕಟ್ಟೆಯಿಂದ ಹಾರುವಾಗ ಬಾಯಲ್ಲಿ ಏನನ್ನೂ ಕಚ್ಚಿಕೊಂಡಿರುವುದಿಲ್ಲ ಎಂಬುದನ್ನು ಮೊನ್ನೆಯಷ್ಟೇ ಗಮನಿಸಿದೆ.