ಎಮ್ಮೆ ಸಾಲಿನ ಅಡ್ಡಕ್ಕ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಇರಲಿಲ್ಲ. ಅಡ್ಡಕ್ಕ ಅಂದರೆ ಸಾಕು. ಬಳಸು ದಾರಿ ಹಿಡಿಯಬೇಕಾಗಿ ಬಂದ ಯಾವನೋ ಲಾರಿಯವನು ಸಿಟ್ಟಿನಲ್ಲಿ ಎಸೆದುಹೋದ ಹೆಸರು ಅದು. ಅವಳೂ ಅದಕ್ಕೇ ಓಗೊಡುತ್ತಿದ್ದಳು.

ವಾರಕ್ಕೊಂದು ಸಂಜೆ ಅಂಗಡಿ ಬೀದಿಗೆ ವಾಹನ ಬಿಡದೆ ಜನರಿಗೆ ತೆರೆದಿಡುತ್ತಿದ್ದರು. ನಡುವೆ ಒಂದು ವೇದಿಕೆ, ಹಾಡು, ರಸ್ತೆ ತುಂಬ ಮಕ್ಕಳು. ಅಷ್ಟು ಹೊತ್ತು ಬೀದಿಯ ಬಾಯಿ ಮುಚ್ಚಿಡುವುದು ಅಡ್ಡಕ್ಕನ ಕೆಲಸ. ಅದಕ್ಕೆ ಬಳಸುವ ಉಕ್ಕಿನ ತಡೆಗಳನ್ನು ಅವಳ ಜೊತೆಯವರು ಎಮ್ಮೆ ಎನ್ನುತ್ತಿದ್ದರು. ಎಷ್ಟು ಹಾರ್ನ್ ಹೊಡೆದರೂ ರಸ್ತೆ ಬಿಟ್ಟು ಕದಲದ ಸಾಮಾನಿಗೆ ಬೇರೆ ಯಾವ ಹೆಸರು ಒಪ್ಪೀತು?

ಒಂದೊಂದು ಎಮ್ಮೆ ಮುನ್ನೂರು ಕಿಲೋ ಮೀರಿ ತೂಗುತ್ತದೆ. ನೆಲದ ಮೇಲೆ ಮುಂದಕ್ಕೆ ಚಾಚಿದ ಪಾದ, ಅದರ ಹಿಂದೆ ನೆಟ್ಟಗೆ ನಿಂತ ಎದೆ. ನೆಲಕ್ಕೆ ಬೋಲ್ಟಿಲ್ಲ, ಗೂಟವಿಲ್ಲ. ವಾಹನ ಬಂದು ಎದೆಗೆ ತಾಗಿದರೆ ಅದು ಹಿಂದಕ್ಕೆ ವಾಲುತ್ತದೆ. ವಾಲಿದಾಗ ಮುಂದಿನ ಪಾದ ಎದ್ದು ವಾಹನದ ಹೊಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಹಿಂದಿನ ಅಂಚು ಡಾಂಬರನ್ನು ಕಚ್ಚುತ್ತದೆ. ಆಮೇಲೆ ಬಂದವನ ಭಾರವೇ ಅದರ ಬಲ. ಆದರೆ ಅದನ್ನು ಇಡಲು, ತೆಗೆಯಲು ಕ್ರೇನ್ ಬೇಡ. ಉದ್ದ ಹಿಡಿಯ ಎರಡು ಚಕ್ರದ ಗಾಡಿಯ ಕೊಕ್ಕೆ ಸಿಕ್ಕಿಸಿ ಹಿಡಿಯನ್ನು ಕೆಳಗೊತ್ತಿದರೆ ಎಮ್ಮೆ ನೆಲ ಬಿಟ್ಟು ಏಳುತ್ತದೆ; ಒಬ್ಬರೇ ಎಳೆದುಕೊಂಡು ಹೋಗಬಹುದು. ದೂರದಿಂದ ನೋಡಿದವರಿಗೆ ಅಡ್ಡಕ್ಕ ತರಕಾರಿ ಗಾಡಿ ಎಳೆಯುತ್ತಿದ್ದಾಳೆ ಅನ್ನಿಸಬೇಕು. ಆ ಸಲೀಸೇ ಒಬ್ಬನನ್ನು ಕೆಡಿಸಿತು.

ಆ ಒಬ್ಬ ಅವಳ ತಮ್ಮ.

ಇಬ್ಬರದೂ ಒಂದೇ ಮನೆ. ಕೆಳಗೆ ತಮ್ಮ ಮತ್ತು ತಾಯಿ, ಮೇಲಿನ ಕೋಣೆಯಲ್ಲಿ ಅಕ್ಕ. ಮೆಟ್ಟಿಲಲ್ಲಿ ಎದುರಾದರೆ ಒಬ್ಬರು ಗೋಡೆ ನೋಡುತ್ತಿದ್ದರು, ಇನ್ನೊಬ್ಬರು ಚಪ್ಪಲಿ. ಅಪ್ಪನದು ವೆಲ್ಡಿಂಗ್ ಅಂಗಡಿ. ಅಪ್ಪನ ಕಣ್ಣು ಮಂಜಾದ ಮೇಲೆ ಅದನ್ನು ನಡೆಸಿದವಳು ಅಕ್ಕ. ಗೇಟು, ಕಿಟಕಿ ಸರಳು, ಗಾಡಿಯ ಚಾಸಿ, ಎಲ್ಲಕ್ಕೂ ಅವಳದೇ ಬೆಸುಗೆ. ಅಪ್ಪ ಹೋದ ಮೇಲೆ ಅಂಗಡಿ ಮಗನ ಹೆಸರಿಗೆ ಬಂತು. ಅವಳು ಊರಲ್ಲಿಲ್ಲದ ದಿನ ನೋಡಿ ಅವನು ಮಶೀನು, ಸಿಲಿಂಡರು, ಅವಳು ಮುಖಕ್ಕೆ ಹಿಡಿಯುತ್ತಿದ್ದ ಕಪ್ಪು ಗಾಜು ಸಮೇತ ಎಲ್ಲ ಮಾರಿ, ಹಳೆಯ ಲಾರಿಯೊಂದನ್ನೂ ಸ್ಪೀಕರ್ ಪೆಟ್ಟಿಗೆಗಳನ್ನೂ ತಂದ. "ಬೆಂಕಿ ಜೊತೆ ಹೆಂಗಸರಿಗೇನು ಕೆಲಸ?" ಅಂದ. ಅವತ್ತಿನಿಂದ ಮಾತು ನಿಂತಿತು. ಅಕ್ಕ ತಡೆಗಳನ್ನು ಬಾಡಿಗೆಗೆ ಕೊಡುವ ಕಂಪನಿ ಸೇರಿದಳು.

ಬೀದಿಯ ವರ್ತಕರ ಸಂಘಕ್ಕೆ ಬೇಕರಿಯವರು ಕಾರ್ಯದರ್ಶಿ. ಅವರು ತಮ್ಮನಿಗೆ ಒಂದು ಸಂಜೆಯ ಸೌಂಡ್ ಕೆಲಸ ಕೊಟ್ಟು, "ಹಾಡೋರು ವೇದಿಕೆ ಹತ್ತೋ ಹೊತ್ತಿಗೆ ಮೈಕ್ ಮಾತಾಡ್ತಿರಬೇಕು. ಮಾತಾಡಿದ್ರೆ ವರ್ಷವೆಲ್ಲ ನೀನೇ. ಇಲ್ದಿದ್ರೆ ಬೇರೆಯವನು ರೆಡಿ ಇದಾನೆ," ಎಂದಿದ್ದರು. ಸಾಮಾನನ್ನು ಮಧ್ಯಾಹ್ನವೇ ತರಬೇಕೆಂದೂ ಹೇಳಿದ್ದರು.

ಹಿಂದಿನ ಕಾರ್ಯಕ್ರಮದ ಜಾಗದಲ್ಲಿ ವೈರು ಸುತ್ತುವುದು ಮುಗಿಯದೆ ತಮ್ಮ ತಡವಾಗಿ ಬಂದ. ಅಷ್ಟರಲ್ಲಿ ಎಮ್ಮೆಗಳು ಸಾಲಾಗಿ ನಿಂತಿದ್ದವು, ಬೀದಿ ತುಂಬಿತ್ತು. ಅವನು ಲಾರಿಯ ಕಿಟಕಿಯಿಂದ ತಲೆ ಹಾಕಿ, ಎಷ್ಟೋ ವರ್ಷಗಳ ಮೇಲೆ ಅಕ್ಕನೊಡನೆ ಮೊದಲ ಮಾತು ಆಡಿದ:

"ತೆಗಿ."

"ಒಳಗೆ ಜನ ಇದಾರೆ. ಹೊತ್ಕೊಂಡು ಹೋಗು."

"ಒಂದೊಂದು ಪೆಟ್ಟಿಗೇನೂ ಹೆಣಭಾರ! ಯಾರು ಹೊರ್ತಾರೆ?"

"ಮಧ್ಯಾಹ್ನ ಬಂದಿದ್ರೆ ಲಾರೀನೇ ಹೊರ್ತಿತ್ತು."

"ಆಂಬುಲೆನ್ಸ್ ಬಂದ್ರೆ ತೆಗೀತೀಯಲ್ಲ?"

"ಧಾರಾಳವಾಗಿ. ಅದರಲ್ಲಿ ಮಲಗ್ಕೊಂಡು ಬಾ, ನಿನಗೂ ತೆಗೀತೀನಿ."

ಟೀ ಅಂಗಡಿಯ ಬೆಂಚಿನಲ್ಲಿದ್ದವರು ಗೊಳ್ಳೆಂದು ನಕ್ಕರು. ತಮ್ಮನ ಮುಖ ಕೆಂಪಾಯಿತು. ಅವನು ತಾಯಿಗೆ ಫೋನ್ ಮಾಡಿದ. ತಾಯಿ ಮಗಳಿಗೆ ಮಾಡಿದಳು.

"ಅವನ ಹೊಟ್ಟೆ ಮೇಲೆ ಹೊಡೀತಿದೀಯಲ್ಲೇ! ಒಂದು ಸಲ ಸರಿಸಿದ್ರೆ ನಿನ್ನ ಗಂಟೇನು ಹೋಗತ್ತೆ?"

"ಅಮ್ಮ, ಒಳಗೆ ಮಕ್ಕಳು ಆಡ್ತಿದಾರೆ."

"ಮಕ್ಕಳ ನೆಪ ಹೇಳಬೇಡ. ಮಶೀನ್ ಮಾರಿದ ಸೇಡು ತೀರಿಸ್ಕೊಳ್ತಿದೀಯ. ನನಗೆ ಗೊತ್ತಾಗಲ್ವಾ?"

ಅಡ್ಡಕ್ಕ ಸ್ವಲ್ಪ ಯೋಚಿಸಿದಳು. ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

"ಸಿಟ್ಟೂ ಇದೆ. ಮಕ್ಕಳೂ ಇದಾರೆ," ಎಂದು ಫೋನ್ ಇಟ್ಟಳು.

ಕಾರ್ಯದರ್ಶಿ ಓಡಿ ಬಂದರು. "ಅಕ್ಕ, ಒಂಚೂರು ಅಡ್ಜಸ್ಟ್ ಮಾಡ್ಕೊಳ್ಳಿ. ನಿಧಾನಕ್ಕೆ ಬರ್ತಾನೆ ಪಾಪ."

"ನಿಮ್ಮ ಮೊಮ್ಮಗಳು ಎಲ್ಲಿದಾಳೆ ಸಾರ್?"

ಅವರು ತಿರುಗಿ ನೋಡಿದರು. ಮೊಮ್ಮಗಳು ಬೀದಿಯ ನಟ್ಟನಡುವೆ ಕೂತು ಸೀಮೆಸುಣ್ಣದಲ್ಲಿ ಬೆಕ್ಕಿನ ಚಿತ್ರ ಬರೆಯುತ್ತಿದ್ದಳು. ಕಾರ್ಯದರ್ಶಿ ಸಿಟ್ಟನ್ನು ತಮ್ಮನ ಕಡೆ ತಿರುಗಿಸಿದರು. "ನಿಮ್ಮ ಮನೆ ಜಗಳ ಮನೇಲಿಟ್ಕೊಂಡು ಬನ್ರಿ. ನನಗೆ ಮೈಕ್ ಬೇಕು, ಅಷ್ಟೇ."

ತಮ್ಮ ಲಾರಿಯೊಳಗೆ ಕೂತು ಒಂದು ಲೆಕ್ಕ ಹಾಕಿದ. ಅಕ್ಕ ಒಬ್ಬಳೇ ಈ ತಡೆಗಳನ್ನು ಎಳೆದಾಡುವುದನ್ನು ಅವನು ಎಷ್ಟೋ ಸಲ ಕಂಡಿದ್ದ. ಸೊಂಟ ಹಿಡಿದುಕೊಂಡು ಮಹಡಿ ಮೆಟ್ಟಿಲು ಹತ್ತುವವಳು ಸರಿಸಬಲ್ಲದ್ದನ್ನು ಲಾರಿ ಸರಿಸಲಾರದೆ? ಅಲ್ಲಿಯವರೆಗೆ ಬೇರೆ ಯಾವ ಚಾಲಕನೂ ಈ ತಪ್ಪು ಮಾಡಿರಲಿಲ್ಲ. ಅವರು ಉಕ್ಕನ್ನು ನೋಡುತ್ತಿದ್ದರು. ಇವನು ಉಕ್ಕನ್ನು ಬಿಟ್ಟು ಅಕ್ಕನನ್ನು ಅಳೆದ.

ಲಾರಿ ಗೇರಿಗೆ ಬಿದ್ದ ಸದ್ದು ಕೇಳಿ ಅಡ್ಡಕ್ಕ ಕೈ ಎತ್ತಿದಳು. "ಮುಟ್ಟಬೇಡ! ಹಿಡ್ಕೊಳ್ಳತ್ತೆ!"

"ನೀನು ಎಳೆಯೋ ಆಟದ ಸಾಮಾನು ನನ್ನ ಲಾರಿ ಹಿಡಿಯತ್ತಾ?"

ಲಾರಿ ಮೆಲ್ಲಗೆ ಬಂದು ಎಮ್ಮೆಯ ಎದೆಗೆ ಒರಗಿತು. ಎಮ್ಮೆ ಹಿಂದಕ್ಕೆ ವಾಲಿತು. ತಮ್ಮನಿಗೆ ಗೆದ್ದೆ ಅನ್ನಿಸಿ ಇನ್ನಷ್ಟು ಒತ್ತಿದ. ಅಡಿಯಿಂದ ಕರಕರ ಸದ್ದು ಬಂತು, ಮುಂಭಾಗ ಗೇಣುದ್ದ ಮೇಲೆದ್ದಿತು, ಎಂಜಿನ್ ಒದರಿ ನಿಂತಿತು. ಮತ್ತೆ ಶುರು ಮಾಡಿ ಹಿಂದಕ್ಕೆ ತೆಗೆಯಲು ನೋಡಿದ, ಆಗಲಿಲ್ಲ. ಲಾರಿಯ ಹೊಟ್ಟೆಯಿಂದ ಕಪ್ಪು ಎಣ್ಣೆ ತೊಟ್ಟಿಕ್ಕಿ ರಸ್ತೆಯಲ್ಲಿ ಹರಡಿತು.

ಕೊನೆಗೆ ಪೆಟ್ಟಿಗೆಗಳನ್ನು ಹೊತ್ತೇ ಒಯ್ಯಬೇಕಾಯಿತು. ನಕ್ಕಿದ್ದ ಬೆಂಚಿನವರೇ ಎದ್ದು ಹೆಗಲು ಕೊಟ್ಟರು. ಅಡ್ಡಕ್ಕ ಜೊತೆಯವನನ್ನು ತನ್ನ ಜಾಗದಲ್ಲಿ ನಿಲ್ಲಿಸಿ ಬಂದು ಒಂದು ಪೆಟ್ಟಿಗೆಯ ತುದಿ ಹಿಡಿದಳು.

"ಬಿಡು," ಅಂದ ತಮ್ಮ. "ನಿನ್ನ ಕೈ ತಾಗಿದ್ರೆ ಇದೂ ಕೆಟ್ಟುಹೋಗತ್ತೆ."

ಅವಳು ಬಿಟ್ಟಳು. ಆದರೆ ಇನ್ನೊಬ್ಬರು ಬಂದು ಆ ತುದಿ ಹಿಡಿಯುವವರೆಗೆ ಕಾದು ಬಿಟ್ಟಳು.

ಅಷ್ಟರಲ್ಲಿ ಹಾಡುವವರು ವೇದಿಕೆ ಹತ್ತಿ, ಮೈಕಿಲ್ಲದೆಯೇ ಗಂಟಲು ಹರಿದುಕೊಂಡು ಎರಡು ಹಾಡು ಹಾಡಿ, ಸಾಕಾಗಿ ಇಳಿದಿದ್ದರು. "ಹಲೋ, ಹಲೋ" ಎಂದು ಸ್ಪೀಕರ್ ಬಾಯಿಬಿಟ್ಟಾಗ ಅರ್ಧ ಜನ ಚದುರಿದ್ದರು. ಕಾರ್ಯದರ್ಶಿ ತಮ್ಮನ ಎದುರಿಗೇ ನಿಂತು ಬೇರೆಯವನಿಗೆ ಫೋನ್ ಮಾಡಿದರು.

ಬೀದಿ ಖಾಲಿಯಾದ ಮೇಲೆ ಅಡ್ಡಕ್ಕ ಗೋಣಿ ಹಾಸಿ ಲಾರಿಯ ಕೆಳಗೆ ತೂರಿದಳು. ಪಾದ ಎಲ್ಲಿ ಸಿಕ್ಕಿದೆಯೆಂದು ನೋಡಿ, ಜ್ಯಾಕ್ ಕೊಟ್ಟು ಲಾರಿಯನ್ನು ಎತ್ತಿಸಿ ಎಮ್ಮೆಯನ್ನು ಬಿಡಿಸಿದಳು. ಸೀಳಿದ ಎಣ್ಣೆ ತೊಟ್ಟಿಯ ಅಂಚನ್ನು ಬೆರಳಿನಿಂದ ಸವರಿ ನೋಡಿದಳು.

"ಮಶೀನ್ ಇದ್ದಿದ್ರೆ ನಾನೇ ಬೆಸೆದುಕೊಡ್ತಿದ್ದೆ," ಎಂದಳು, ಕೆಳಗಿನಿಂದಲೇ.

"ಮಶೀನ್ ಇದ್ದಿದ್ರೆ ನೀನು ಆ ಎಮ್ಮೇನ ನನ್ನ ಲಾರಿಗೇ ಬೆಸೀತಿದ್ದೆ," ಅಂದ ತಮ್ಮ.

ಮರುದಿನ ಮೆಟ್ಟಿಲಲ್ಲಿ ಎದುರಾದಾಗ ಮತ್ತೆ ಅದೇ ಗೋಡೆ, ಅದೇ ಚಪ್ಪಲಿ. ಕೆಲಸ ಕೈತಪ್ಪಿದ ಮಗನಿಗಾಗಿ ತಾಯಿ ಮಹಡಿಗೆ ಕೇಳುವ ಹಾಗೆ ಪಾತ್ರೆ ಕುಕ್ಕಿದಳು. ಅಡ್ಡಕ್ಕ ತಮ್ಮನನ್ನು ತಡೆದದ್ದು ಹಗೆಯಿಂದಲೇ ಎಂದು ಇಡೀ ಬೀದಿ ತೀರ್ಮಾನಿಸಿತು.

ಮುಂದಿನ ವಾರ ತಮ್ಮ ಟೀ ಅಂಗಡಿಯ ಬೆಂಚಿನಲ್ಲಿ ಬಂದು ಕೂತ. ಏನೋ ನೋಡಲು ಕಾದವನ ಹಾಗೆ ಲೋಟ ಖಾಲಿಯಾದರೂ ಏಳಲಿಲ್ಲ. ಹೊಸ ಸೌಂಡ್‌ನವನೂ ತಡವಾಗಿಯೇ ಬಂದ. ಎಮ್ಮೆ ಸಾಲಿನ ಮುಂದೆ ವ್ಯಾನ್ ನಿಲ್ಲಿಸಿ ಹಾರ್ನ್ ಹೊಡೆದ.

"ಹೊತ್ಕೊಂಡು ಹೋಗಿ," ಎಂದಳು ಅಡ್ಡಕ್ಕ, ತಮ್ಮನಿಗೆ ಹೇಳಿದ್ದ ಅದೇ ದನಿಯಲ್ಲಿ.

ಹೊಸಬ ಬೈದ. ಕಾರ್ಯದರ್ಶಿಯ ಹೆಸರು ಹೇಳಿದ. ಕೊನೆಗೆ ಎಂಜಿನ್ ಶುರುಮಾಡಿ ತಡೆಯ ಕಡೆಗೆ ಮೂತಿ ತಿರುಗಿಸಿದ. ತಮ್ಮ ಬೆಂಚಿನಿಂದೆದ್ದು ಬಂದು ವ್ಯಾನಿನ ಬಾಗಿಲು ತಟ್ಟಿದ.

"ಬೇಡ ಅಣ್ಣ. ಹಿಡ್ಕೊಂಡ್ರೆ ಬಿಡಲ್ಲ."

"ಯಾವುದು, ಆ ತಡೇನಾ?"

ತಮ್ಮ ಅಕ್ಕನ ಕಡೆ ನೋಡಲಿಲ್ಲ. "ಅದೂ," ಎಂದ. ಆಮೇಲೆ ವ್ಯಾನಿನ ಹಿಂದಕ್ಕೆ ಹೋಗಿ, ಯಾರೂ ಕೇಳದಿದ್ದರೂ, ಮೊದಲ ಪೆಟ್ಟಿಗೆಯ ಒಂದು ತುದಿ ಹಿಡಿದು ನಿಂತ.